ಬ್ರನ್ಸ್‌ವಿಕ್ ಸ್ಟ್ರೀಟ್ ಮೈದಾನದಿಂದ ಗೆಳೆಯನಿಗೊಂದು ಪತ್ರ

ಪ್ರಿಯ ರಾಘು,

ಶನಿವಾರ ಬೆಳಿಗ್ಗೆ ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತುವುದಿಲ್ಲವೆಂದು ದೂರಿ ಬರೆದಿದ್ದೀಯೆ. ನಿನ್ನ ಹತ್ತು ಗಂಟೆಗೆ ಇಲ್ಲಿ ಮಧ್ಯಾಹ್ನ ಎರಡೂವರೆ. ಚಳಿಗಾಲದ ಶನಿವಾರಗಳಲ್ಲಿ ಆ ಹೊತ್ತಿಗೆ ನಾನು ಮೆಲ್ಬರ್ನಿನ ಎಡಿನ್‌ಬರೋ ಗಾರ್ಡನ್ಸ್ ಉದ್ಯಾನದೊಳಗಿನ ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್ ಎಂಬ ಮೈದಾನದ ಅಂಚಿನಲ್ಲಿ, ತೊಡೆಯ ಮೇಲೆ ಸ್ಕೋರ್ ಪುಸ್ತಕ ಇಟ್ಟುಕೊಂಡು ಕುಳಿತಿರುತ್ತೇನೆ. ಪಕ್ಕದಲ್ಲಿ ಎದುರಾಳಿ ಕ್ಲಬ್ಬು ಕಳಿಸಿದ ಇನ್ನೊಬ್ಬ ಲೆಕ್ಕದವನು ಇರುತ್ತಾನೆ. ಇಬ್ಬರ ಲೆಕ್ಕವೂ ತಾಳೆಯಾಗಬೇಕು. ಈ ಕೆಲಸಕ್ಕೆ ಸಂಬಳವಿಲ್ಲ, ಬದಲಿಗೆ ಕ್ಯಾಂಟೀನಿನಿಂದ ಈರುಳ್ಳಿ ಹಾಕಿದ ಬಿಸಿ ಆಲೂಗಡ್ಡೆ ಸಿಗುತ್ತದೆ. ಆಡುವವರಿಗೂ ಸಂಬಳವಿಲ್ಲ. ನಿನಗೆ ಹೇಳಬೇಕೆಂದುಕೊಂಡ ಕಥೆ ಇರುವುದು ಅಲ್ಲಿಯೇ.

ಆಸ್ಟ್ರೇಲಿಯನ್ ಫುಟ್‌ಬಾಲ್ ಎಂಬ ಈ ಆಟವನ್ನು ಇಲ್ಲಿಯವರು ಬರಿದೇ ‘ಫುಟಿ’ ಎನ್ನುತ್ತಾರೆ. ಒಂದೊಂದು ಕಡೆಗೆ ಹದಿನೆಂಟು ಜನ, ಕ್ರಿಕೆಟ್ ಮೈದಾನದಷ್ಟು ವಿಶಾಲವಾದ ಅಂಡಾಕಾರದ ಬಯಲು, ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ಒದ್ದ ಚೆಂಡು ನಡುವಿನ ಎರಡು ಕಂಬಗಳ ಮಧ್ಯೆ ಹೋದರೆ ಗೋಲ್, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ‘ಬಿಹೈಂಡ್’, ಒಂದೇ ಅಂಕ. ಮೊದಲ ದಿನ ನಾನು ಬಿಹೈಂಡೊಂದನ್ನು ಗೋಲ್ ಎಂದು ಬರೆದು, ಇಲ್ಲದ ಐದು ಅಂಕಗಳನ್ನು ನಮ್ಮವರಿಗೆ ದಾನ ಮಾಡಿದ್ದೆ. ಪಕ್ಕದವನು ಏನೂ ಹೇಳದೆ ತನ್ನ ಪುಸ್ತಕವನ್ನು ನನ್ನತ್ತ ತಿರುಗಿಸಿ ಅಲ್ಲಿ ಬೆರಳಿಟ್ಟ. ಬಿಳಿ ಕೋಟಿನ ಗೋಲ್ ಅಂಪೈರ್ ಎರಡು ಬಾವುಟ ಬೀಸಿದರೆ ಗೋಲ್, ಒಂದೇ ಬೀಸಿದರೆ ಬಿಹೈಂಡ್ ಎಂಬ ಪಾಠವನ್ನು ಅಂದಿನಿಂದ ಮರೆತಿಲ್ಲ.

ನಾನು ಲೆಕ್ಕ ಬರೆಯುವುದು ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ಬಿಗೆ. ಇದು ಮೊದಲಿನಿಂದಲೂ ಹವ್ಯಾಸಿಗಳ ಕ್ಲಬ್ ಆಗಿರಲಿಲ್ಲ; ಮೇಲಿನಿಂದ ಕೆಳಗಿಳಿದು ಬಂದದ್ದು. 1883ರಲ್ಲಿ ಹುಟ್ಟಿ, 1897ರಲ್ಲಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಆರಂಭವಾದಾಗ ಅದರ ಎಂಟು ಸ್ಥಾಪಕ ಕ್ಲಬ್ಬುಗಳಲ್ಲಿ ಒಂದಾಗಿ, 1898 ಮತ್ತು 1899ರಲ್ಲಿ ಸಾಲಾಗಿ ಚಾಂಪಿಯನ್ ಆದ ಕ್ಲಬ್ ಇದು. ಆಗಿನ ಫಿಟ್ಜ್‌ರಾಯ್ ಕಾರ್ಖಾನೆಯ ಕೆಲಸಗಾರರು ಇಕ್ಕಟ್ಟಾದ ಸಾಲುಮನೆಗಳಲ್ಲಿ ವಾಸವಾಗಿದ್ದ ಬಡ ಬಡಾವಣೆ. ಮೈದಾನದ ಪಕ್ಕದಲ್ಲಿ 1888ರಲ್ಲಿ ಕಟ್ಟಿದ ಮರದ ಗ್ಯಾಲರಿ ಈಗಲೂ ನಿಂತಿದೆ. ಮಳೆ ಬಂದರೆ ಎಲ್ಲರೂ ಓಡುವುದು ಅದರ ಮಾಡಿನಡಿಗೆ.

1916ರ ಕಥೆಯನ್ನು ಮಾತ್ರ ನೀನು ನಂಬುವುದಿಲ್ಲ. ಮಹಾಯುದ್ಧದಿಂದಾಗಿ ಆ ವರ್ಷ ಲೀಗಿನಲ್ಲಿ ಉಳಿದದ್ದು ನಾಲ್ಕೇ ತಂಡಗಳು. ಹನ್ನೆರಡು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದ ಫಿಟ್ಜ್‌ರಾಯ್ ಪಟ್ಟಿಯ ಕೊನೆಯಲ್ಲಿತ್ತು. ಆದರೆ ಮೊದಲ ನಾಲ್ಕು ಸ್ಥಾನದವರು ಫೈನಲ್ಸ್ ಆಡಬೇಕೆಂಬುದು ನಿಯಮ, ಇದ್ದದ್ದೇ ನಾಲ್ಕು ತಂಡ. ಹೀಗೆ ಕಟ್ಟಕಡೆಯ ತಂಡವೂ ಒಳಗೆ ಬಂತು, ಮುಂದಿನ ಮೂರೂ ಪಂದ್ಯಗಳನ್ನು ಗೆದ್ದಿತು, ಒಂದೇ ವರ್ಷದಲ್ಲಿ ಕೊನೆಯ ಸ್ಥಾನವನ್ನೂ ಪ್ರಶಸ್ತಿಯನ್ನೂ ಪಡೆಯಿತು. ಹಳಬರು ಇದನ್ನು ಹೇಳುವಾಗ ನಗುತ್ತಾರೆಯೇ ಹೊರತು ನಾಚುವುದಿಲ್ಲ.

ಪ್ರಶಸ್ತಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಮೂವತ್ತರ ದಶಕ. ಋತುವಿನ ಅತ್ಯುತ್ತಮ ಆಟಗಾರನಿಗೆ ಅಂಪೈರುಗಳ ಮತದಿಂದ ಸಿಗುವ ಬ್ರೌನ್‌ಲೋ ಪದಕವನ್ನು ಹೇಡನ್ ಬಂಟನ್ 1931, 1932 ಮತ್ತು 1935ರಲ್ಲಿ ಗೆದ್ದದ್ದು ಈ ಕ್ಲಬ್ಬಿನಲ್ಲಿದ್ದಾಗ; ಆದರೂ ಆ ವರ್ಷಗಳಲ್ಲಿ ಕ್ಲಬ್ಬಿಗೆ ಒಂದೂ ಪ್ರಶಸ್ತಿ ಬರಲಿಲ್ಲ. 1932ರಲ್ಲಿ ಇಲ್ಲಿಗೆ ಬಂದ ಡಗ್ ನಿಕೋಲ್ಸ್ ಇಲ್ಲಿನ ಮೂಲನಿವಾಸಿ ಸಮುದಾಯದವರು. ಅದಕ್ಕೆ ಮೊದಲು ಇನ್ನೊಂದು ದೊಡ್ಡ ಕ್ಲಬ್ಬಿನಲ್ಲಿ ಅವರ ಮೈ ಮುಟ್ಟಿ ಎಣ್ಣೆ ತಿಕ್ಕಲು ಸಿಬ್ಬಂದಿಯೇ ಒಪ್ಪಿರಲಿಲ್ಲ. (ಈ ಮಾತನ್ನು ನಮಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ?) ಫಿಟ್ಜ್‌ರಾಯ್‌ನ ಬಟ್ಟೆ ಬದಲಿಸುವ ಕೋಣೆಯಲ್ಲಿ ಒಂಟಿಯಾಗಿ ಕುಳಿತಿದ್ದ ಅವರ ಪಕ್ಕಕ್ಕೆ ಎದ್ದು ಬಂದು ಕುಳಿತವರು, ಆ ತಂಡದ ಅತಿ ದೊಡ್ಡ ಹೆಸರಾಗಿದ್ದ ಬಂಟನ್. ನಿಕೋಲ್ಸ್ ಮುಂದೆ ಪಾದ್ರಿಯಾಗಿ, ತಮ್ಮ ಜನರ ಹಕ್ಕಿಗಾಗಿ ದುಡಿದು, ಸರ್ ಪದವಿ ಪಡೆದು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರಾಜ್ಯಪಾಲರಾದರು.

ಎಂಟನೆಯ ಪ್ರಶಸ್ತಿ ಬಂದದ್ದು 1944ರಲ್ಲಿ. ಲೀಗಿನಲ್ಲಿ ಅದೇ ಕೊನೆಯದು. ಯುದ್ಧದ ನಂತರ ಹಳೆಯ ಕುಟುಂಬಗಳು ಹೊರವಲಯದ ಹೊಸ ಬಡಾವಣೆಗಳಿಗೆ ಹೋದವು, ಅವರ ಮನೆಗಳಿಗೆ ಇಟಲಿ ಮತ್ತು ಗ್ರೀಸಿನಿಂದ ವಲಸೆ ಬಂದವರು ಸೇರಿದರು. 1966ರಲ್ಲಿ ಈ ಮೈದಾನದಲ್ಲಿ ಕೊನೆಯ ಲೀಗ್ ಪಂದ್ಯ ನಡೆಯಿತು. ಅಲ್ಲಿಂದ ಮುಂದೆ ಪ್ರಿನ್ಸಸ್ ಪಾರ್ಕ್, ಜಂಕ್ಷನ್ ಓವಲ್, ವಿಕ್ಟೋರಿಯಾ ಪಾರ್ಕ್, ವೆಸ್ಟರ್ನ್ ಓವಲ್ ಎಂದು ಬಾಡಿಗೆ ಮನೆ ಬದಲಿಸಿದ ಹಾಗೆ ಮೈದಾನ ಬದಲಿಸಿತು. ಹಣವಿಲ್ಲದೆ ಕ್ಲಬ್ ಮುಳುಗಿತೆಂದು ಎಲ್ಲರೂ ಹೇಳುತ್ತಾರೆ. ಮನೆಯಿಲ್ಲದ್ದರಿಂದಲೇ ಹಣವೂ ನಿಲ್ಲಲಿಲ್ಲವೆಂಬುದು ನನ್ನ ಅಭಿಪ್ರಾಯ. ಆ ಅಲೆದಾಟದ ನಡುವೆಯೂ 1979ರಲ್ಲಿ ಮೆಲ್ಬರ್ನ್ ತಂಡದ ವಿರುದ್ಧ 36 ಗೋಲ್, 22 ಬಿಹೈಂಡ್ ಹೊಡೆದು, ಅಂದರೆ 238 ಅಂಕ ಗಳಿಸಿ, 190 ಅಂಕಗಳ ಅಂತರದಿಂದ ಗೆದ್ದ ದಾಖಲೆ ಈಗಲೂ ಉಳಿದಿದೆ. ಆ ದಿನ ಲೆಕ್ಕ ಬರೆದವನ ಕೈಯನ್ನು ನೆನೆದು ನನಗೆ ಮರುಕವಾಗುತ್ತದೆ.

ಅಷ್ಟರಲ್ಲಿ ಲೀಗ್ ಒಂದು ನಗರದ ಆಟವಾಗಿ ಉಳಿಯದೆ ರಾಷ್ಟ್ರಮಟ್ಟಕ್ಕೆ ಬೆಳೆಯುತ್ತಿತ್ತು. ಸಣ್ಣ ಕ್ಲಬ್ಬುಗಳು ಒಂದಾಗಲಿ ಎಂಬ ಒತ್ತಡ ಹೆಚ್ಚಿತು. 1989ರಲ್ಲಿ ಫುಟ್‌ಸ್ಕ್ರೇ ಕ್ಲಬ್ಬಿನೊಂದಿಗೆ ವಿಲೀನದ ಮಾತು ನಡೆದು, ಅಲ್ಲಿನ ಅಭಿಮಾನಿಗಳೇ ಬೀದಿಗಿಳಿದು ಅದನ್ನು ತಡೆದರು. ಫಿಟ್ಜ್‌ರಾಯ್ ಸಾಲ ತಂದದ್ದು ಎಲ್ಲಿಂದ ಗೊತ್ತೇ? ಪೆಸಿಫಿಕ್ ಸಾಗರದ ಪುಟ್ಟ ದ್ವೀಪರಾಷ್ಟ್ರ ನೌರುವಿನ ವಿಮಾ ನಿಗಮದಿಂದ, ಹನ್ನೆರಡೂವರೆ ಲಕ್ಷ ಡಾಲರ್. 1996ರ ಜೂನ್‌ನಲ್ಲಿ ಸಾಲ ಕೊಟ್ಟವರು ಆಡಳಿತಾಧಿಕಾರಿಯನ್ನು ಕೂರಿಸಿದರು. ನಾರ್ತ್ ಮೆಲ್ಬರ್ನ್ ಜೊತೆ ಸೇರುವ ಪ್ರಸ್ತಾಪ ಉಳಿದ ಕ್ಲಬ್ಬುಗಳಿಗೆ ರುಚಿಸಲಿಲ್ಲ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬ್ರಿಸ್ಬೇನ್ ಬೇರ್ಸ್ ಜೊತೆ ಸೇರಿಸಿ ಬ್ರಿಸ್ಬೇನ್ ಲಯನ್ಸ್ ಎಂಬ ತಂಡ ಮಾಡಿದರು. ಆಟಗಾರರಲ್ಲಿ ಎಂಟು ಜನ ಮಾತ್ರ ಅಲ್ಲಿಗೆ ಹೋದರು. 1996ರ ಸೆಪ್ಟೆಂಬರ್ 1ರಂದು ಪರ್ತ್ ನಗರದಲ್ಲಿ ಫ್ರೀಮ್ಯಾಂಟಲ್ ವಿರುದ್ಧ ಕೊನೆಯ ಪಂದ್ಯ ಆಡಿ 86 ಅಂಕಗಳಿಂದ ಸೋತರು.

ನಮ್ಮ ದೇವಸ್ಥಾನದ ಭಾಷೆಯಲ್ಲಿ ಹೇಳುವುದಾದರೆ ಉತ್ಸವಮೂರ್ತಿಯನ್ನು ಬ್ರಿಸ್ಬೇನಿಗೆ ಹೊತ್ತುಕೊಂಡು ಹೋದರು, ಅದಕ್ಕೆ ಅಲ್ಲಿ ಅದ್ಧೂರಿ ಪೂಜೆಯೂ ನಡೆಯಿತು: 2001, 2002, 2003ರಲ್ಲಿ ಸಾಲಾಗಿ ಮೂರು, ಮತ್ತೆ 2024 ಮತ್ತು 2025ರಲ್ಲಿ ಎರಡು ಪ್ರಶಸ್ತಿಗಳು. ಫ್ರೆಂಚ್ ರಾಷ್ಟ್ರಗೀತೆಯ ಧಾಟಿಯಲ್ಲಿದ್ದ ಹಳೆಯ ಕ್ಲಬ್ ಗೀತೆಯೂ ಮಾತು ಬದಲಿಸಿಕೊಂಡು ಅವರಲ್ಲಿಗೆ ಹೋಯಿತು. ಮೂಲವಿಗ್ರಹ ಮಾತ್ರ ಬೀಗ ಹಾಕಿದ ಗರ್ಭಗುಡಿಯಲ್ಲೇ ಉಳಿಯಿತು. ಏಕೆಂದರೆ ಕಾನೂನಿನ ಲೆಕ್ಕದಲ್ಲಿ ಫಿಟ್ಜ್‌ರಾಯ್ ಎಂಬ ಸಂಸ್ಥೆ ಮುಚ್ಚಿರಲೇ ಇಲ್ಲ. 1998ರಲ್ಲಿ ಆಡಳಿತಾಧಿಕಾರಿಯ ಕೈಯಿಂದ ಹೊರಬಂದಾಗ ಅದಕ್ಕೆ ಸದಸ್ಯರಿದ್ದರು, ಹೆಸರಿತ್ತು, ಆಡುವ ತಂಡವೊಂದೇ ಇರಲಿಲ್ಲ.

ಆ ತಂಡ ಸಿಕ್ಕಿದ್ದು ಹಳೆಯ ಅಂಗಳದಲ್ಲಿಯೇ. ವಿಶ್ವವಿದ್ಯಾಲಯದ ತಂಡವೊಂದರ ಬೇರಿನಿಂದ ಬಂದ ಫಿಟ್ಜ್‌ರಾಯ್ ರೆಡ್ಸ್ ಎಂಬ ಹವ್ಯಾಸಿ ಕ್ಲಬ್ ಇದೇ ಮೈದಾನದಲ್ಲಿ ಆಡುತ್ತಿತ್ತು. ಇಬ್ಬರೂ ಒಂದಾದರು, 2009ರಲ್ಲಿ ಫಿಟ್ಜ್‌ರಾಯ್ ಫುಟ್‌ಬಾಲ್ ಕ್ಲಬ್ ಎಂಬ ಹೆಸರು ವಿಕ್ಟೋರಿಯನ್ ಅಮೆಚೂರ್ ಫುಟ್‌ಬಾಲ್ ಅಸೋಸಿಯೇಷನ್ನಿನ ಕೆಳಗಿನ ವಿಭಾಗವೊಂದಾದ ಡಿ1ರ ಪಟ್ಟಿಯಲ್ಲಿ ಕಾಣಿಸಿಕೊಂಡಿತು. 1892ರಲ್ಲಿ ಬೇರೊಂದು ಹೆಸರಿನಿಂದ ಹುಟ್ಟಿದ ಈ ಅಸೋಸಿಯೇಷನ್ನಿನಲ್ಲಿ ಆಟಗಾರನಿಗೆ ಹಣ ಕೊಡುವಂತಿಲ್ಲ. ಅವನೇ ಚಂದಾ ಕಟ್ಟಿ ಆಡುತ್ತಾನೆ. ಈಗ ಹೆಂಗಸರ ತಂಡವೂ ಇದೆ.

ಆಟದ ನಾಲ್ಕು ಭಾಗಗಳಲ್ಲಿ ಮೂರನೆಯ ಕ್ವಾರ್ಟರ್ ಮುಗಿದಾಗ ಇಲ್ಲೊಂದು ಪದ್ಧತಿಯಿದೆ: ನೋಡಲು ಬಂದವರೆಲ್ಲ ಬೇಲಿ ದಾಟಿ ಮೈದಾನದ ನಡುವಿಗೆ ನಡೆದು, ಕೋಚ್ ಆಟಗಾರರಿಗೆ ಹೇಳುವುದನ್ನು ಸುತ್ತ ನಿಂತು ಕೇಳುತ್ತಾರೆ. ನಾಯಿಗಳೂ ಬರುತ್ತವೆ. ಹೋದ ವಾರ ನಾನೂ ಪುಸ್ತಕ ಮುಚ್ಚಿ ಹೋದೆ. ಬೆವರು, ಕೆಸರು, ನೀಲಗಿರಿ ಎಣ್ಣೆಯ ವಾಸನೆ, ಸೋಲುತ್ತಿದ್ದೆವು. ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು 1996ರ ನಂತರ ಹದಿಮೂರು ವರ್ಷ ಯಾವ ಆಟವನ್ನೂ ನೋಡಿರಲಿಲ್ಲವಂತೆ. ಅವರ ಮಗಳು ಬ್ರಿಸ್ಬೇನ್ ತಂಡದ ಸ್ಕಾರ್ಫ್ ಹಾಕಿಕೊಂಡೇ ಅವರನ್ನು ಕಾರಿನಲ್ಲಿ ಇಲ್ಲಿಗೆ ಕರೆತರುತ್ತಾಳೆ. ಗೇಟಿನ ಬಳಿ ಇಳಿದ ಮೇಲೆ ಆ ಸ್ಕಾರ್ಫನ್ನು ಕಾರಿನಲ್ಲಿಯೇ ಬಿಡಬೇಕೆಂಬುದು ಅಪ್ಪನ ಷರತ್ತು.

ಮುಂದಿನ ಶನಿವಾರ ನಿನ್ನ ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡು. ಅಷ್ಟರಲ್ಲಿ ಎರಡೂ ಪುಸ್ತಕಗಳನ್ನು ತಾಳೆ ನೋಡಿ ಸಹಿ ಹಾಕಿರುತ್ತೇನೆ.

ನಿನ್ನ,
ಶ್ರೀಧರ