ಅವಳಿಗೆ ಎಲ್ಲಾ ಕೇಳಿಸುತ್ತೆ

ನನ್ನ ಎದೆಯ ಎಡಭಾಗದಲ್ಲಿ, ಚರ್ಮದ ಅಡಿಯಲ್ಲಿ ಐಸಿಡಿ ಅಳವಡಿಸಿ ಈ ಸೋಮವಾರಕ್ಕೆ ಒಂದು ವರ್ಷ ತುಂಬಿತು. ಹೃದಯದ ಬಡಿತ ಪ್ರಾಣಕ್ಕೆ ಕುತ್ತು ತರುವಷ್ಟು ಹದ ತಪ್ಪಿದಾಗ ಆಘಾತ ಕೊಟ್ಟು ದಾರಿಗೆ ತರುವ ಆ ಪುಟ್ಟ ಉಪಕರಣಕ್ಕೆ ಈ ಒಂದು ವರ್ಷದಲ್ಲಿ ಅಂಥ ಕೆಲಸ ಒಮ್ಮೆಯೂ ಬೀಳಲಿಲ್ಲ. ಆಗಾಗ ಕೈಕಾಲು ಸೋಲಿಸುವ, ಹೃದಯದ ಬಡಿತವನ್ನೂ ಹದ ತಪ್ಪಿಸುವ ನನ್ನ ಅಪರೂಪದ ಕಾಯಿಲೆ ಆಂಡರ್ಸನ್-ತವಿಲ್ ಸಿಂಡ್ರೋಮ್‌ನ ಹೆಸರನ್ನು ನೀವೆಲ್ಲ ನನ್ನಿಂದ ಹಲವು ಸಲ ಕೇಳಿದ್ದೀರಿ. ಆ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುವುದಿಲ್ಲ. ಇವತ್ತು ಹೇಳಬೇಕಾದದ್ದು ಋಣದ ಮಾತು, ಅದರಲ್ಲಿ ಬಹುಪಾಲು ನನ್ನ ಓರಗಿತ್ತಿಗೆ, ಅಂದರೆ ನಾನು ಮದುವೆಯಾಗಿ ಬಂದ ದಿನದಿಂದ ಅಕ್ಕ ಎಂದೇ ಕರೆಯುವವರಿಗೆ ಸಲ್ಲಬೇಕಾದದ್ದು.

ಕಳೆದ ವರ್ಷದ ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದವಳು ಕಲಶ ಕೂರಿಸಿ, ಒಬ್ಬಟ್ಟು ಬೇಯಿಸಿ, ಸಂಜೆ ಅರಿಶಿನ ಕುಂಕುಮಕ್ಕೆ ಬಂದವರನ್ನೆಲ್ಲ ಕಳಿಸಿಕೊಟ್ಟು, ಹತ್ತು ಗಂಟೆಗೆ ಮಲಗಿದೆ. ಈ ಕಾಯಿಲೆ ದುಡಿಯುತ್ತಿರುವಾಗ ಸುಮ್ಮನಿದ್ದು, ದಣಿದು ಒರಗಿದ ಮೇಲೆ ಬರುವುದೇ ಹೆಚ್ಚು. ಎರಡು ಗಂಟೆಗೆ ಎಚ್ಚರವಾದಾಗ ಕುತ್ತಿಗೆಯ ಕೆಳಗೆ ಯಾವ ಅಂಗವೂ ನನ್ನ ಮಾತು ಕೇಳಲಿಲ್ಲ. ದನಿಯೂ ಪಿಸುಮಾತಿಗಿಂತ ಮೇಲೇಳಲಿಲ್ಲ. ನಮ್ಮವರು ಕೆಲಸದ ಮೇಲೆ ಪುಣೆಯಲ್ಲಿದ್ದರು. ಪಕ್ಕದಲ್ಲಿ ಮಲಗಿದ್ದ ಮಗಳು ಕೆಳಮನೆಗೆ ಓಡಿ ಅಕ್ಕನನ್ನು ಎಬ್ಬಿಸಿದಳು. ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಇಳಿಸುವಾಗ, ತೂಗಾಡುತ್ತಿದ್ದ ನನ್ನ ತಲೆಯನ್ನು ಅಕ್ಕ ತಮ್ಮ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಇಳಿದರು.

ಅದಕ್ಕೂ ಮೊದಲೊಮ್ಮೆ ಹೀಗಾದಾಗ ರಕ್ತದ ಪೊಟ್ಯಾಸಿಯಂ ಸರಿಯಾಗಿಯೇ ಇದ್ದುದರಿಂದ ಇದು ಮಾನಸಿಕ ಒತ್ತಡವೆಂದು ಬರೆದುಕೊಟ್ಟಿದ್ದರು. ಈ ಕಾಯಿಲೆಯಲ್ಲಿ ಪೊಟ್ಯಾಸಿಯಂ ಇಳಿಯಬಹುದು, ಏರಬಹುದು, ಇದ್ದಲ್ಲಿಯೇ ಇರಲೂಬಹುದು ಎಂಬುದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಆಸ್ಪತ್ರೆಯಲ್ಲಿ ಆ ಹಳೆಯ ಚೀಟಿಯನ್ನು ಓದಿದವರಲ್ಲಿ ಒಬ್ಬರು ನನ್ನ ತಲೆಯ ಹತ್ತಿರವೇ ನಿಂತು ಇದೆಲ್ಲ ನಾಟಕವಿರಬಹುದು ಎಂದರು. ಮೈ ಕಲ್ಲಾದರೂ ಪ್ರಜ್ಞೆ ಎಳ್ಳಷ್ಟೂ ಮಸುಕಾಗುವುದಿಲ್ಲ. ಆ ಮಾತು ನನ್ನೊಳಗೆ ಹಾಗೆಯೇ ಇಳಿಯಿತು. ಆಗ ಅಕ್ಕ ದನಿ ಏರಿಸದೆ ಹೇಳಿದರು: "ಅವಳಿಗೆ ಎಲ್ಲಾ ಕೇಳಿಸುತ್ತೆ ಸ್ವಾಮಿ. ಏನು ಹೇಳೋದಿದ್ರೂ ಅವಳ ಮುಖ ನೋಡಿ ಹೇಳಿ."

ಬೆಳಗಿನವರೆಗೂ ಅವರು ಕೂರಲಿಲ್ಲ. ಅರ್ಧ ಗಂಟೆಗೊಮ್ಮೆ "ಈಗ ಎಡಕ್ಕೆ ಹೊರಳಿಸ್ತೀನಿ ಕಣೇ" ಎಂದು ಹೇಳಿಯೇ ನನ್ನನ್ನು ಹೊರಳಿಸಿದರು. ಕೆನ್ನೆಗೆ ಅಂಟಿ ಪ್ರಾಣ ಹಿಂಡುತ್ತಿದ್ದ ಒಂದು ಕೂದಲೆಳೆಯನ್ನು, ನಾನು ಕೇಳುವ ಮೊದಲೇ ಬೆರಳ ತುದಿಯಿಂದ ತೆಗೆದರು. ಅವಸರದಲ್ಲಿ ಚೀಲಕ್ಕೆ ಹಾಕಿಕೊಂಡು ಬಂದಿದ್ದ ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗಂಟೆ ಬರೆದು, ಅದರ ಎದುರಿಗೆ ಯಾವ ಅಂಗ ಅಲುಗುತ್ತದೆ, ಯಾವುದು ಇಲ್ಲ, ಎದೆ ಎಷ್ಟು ಹೊತ್ತಿಗೆ ಹಾರಿತು ಎಂದು ಬರೆಯುತ್ತ ಹೋದರು. ಪೊಟ್ಯಾಸಿಯಂ 2.4, ಅಂದರೆ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ ಎಂದು ವರದಿ ಬಂದು, ಮಾನಿಟರಿನ ಗೆರೆ ಒಂದು ಬಡಿತಕ್ಕೆ ಮೇಲೆದ್ದರೆ ಮರುಬಡಿತಕ್ಕೆ ಕೆಳಗಿಳಿಯತೊಡಗಿದಾಗ ಓಡಾಟ ಶುರುವಾಯಿತು; ಆ ಗಲಾಟೆಯಲ್ಲೂ ಅಕ್ಕನ ಕೈ ನನ್ನ ಹಣೆಯ ಮೇಲಿತ್ತು. ಆ ಹಾಳೆಯ ಕೊನೆಯ ಸಾಲು ಹೀಗಿದೆ: "5.50. ಬಲಗೈ ಕಿರುಬೆರಳು."

ಮಾನಿಟರಿನ ಗೆರೆಯ ಜೊತೆಗೆ ಆ ಹಾಳೆಯನ್ನೂ ಓದಿ, ಸೋಲುವ ಕೈಕಾಲು ಮತ್ತು ಹದ ತಪ್ಪುವ ಹೃದಯ ಎರಡೂ ಒಂದೇ ಕಾಯಿಲೆ ಎಂದು ಗುರುತಿಸಿದ ನರರೋಗ ತಜ್ಞರಿಗೂ, ಬಡಿತವನ್ನು ಹದದಲ್ಲಿಡುವ ಫ್ಲೆಕೈನೈಡ್ ಔಷಧಿ ಆರಂಭಿಸಿ ಐಸಿಡಿಯ ನಿರ್ಧಾರವನ್ನು ನಿಧಾನವಾಗಿ ತಿಳಿಹೇಳಿದ ಹೃದ್ರೋಗ ತಜ್ಞರಿಗೂ, ಪುಣೆಯಿಂದ ಸಿಕ್ಕ ಮೊದಲ ಬಸ್ಸು ಹತ್ತಿದ ನಮ್ಮವರಿಗೂ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೂ, ಸಿಗದ ಮಾತ್ರೆಯನ್ನು ಹುಡುಕಿ ತರಿಸಿಕೊಡುವ ಮೆಡಿಕಲ್ ಸ್ಟೋರಿನವರಿಗೂ ನಾನು ಕೃತಜ್ಞಳು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನನ್ನ ತಂದೆಯ ಕಿರುಬೆರಳುಗಳು ಒಳಕ್ಕೆ ಬಾಗಿದ್ದವು, ನನ್ನವೂ ಹಾಗೆಯೇ; ಅದೂ ಈ ಕಾಯಿಲೆಯ ಒಂದು ಗುರುತು. ಡೆನ್ಮಾರ್ಕಿನ ವೈದ್ಯೆ ಆಂಡರ್ಸನ್ ಮತ್ತು ಸಂಗಡಿಗರು ಈ ಕಾಯಿಲೆಯ ಬಗ್ಗೆ ಬರೆದ 1971ರಲ್ಲಿ ಅಪ್ಪ ಜಾಲಹಳ್ಳಿಯ ಗಡಿಯಾರ ಕಾರ್ಖಾನೆಯಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಮಲಗಿದರೆ ಕೆಲವು ದಿನ ಏಳಲಾಗುತ್ತಿರಲಿಲ್ಲ, ಮನೆಯವರು ವಾತವೆಂದು ಎಣ್ಣೆ ತಿಕ್ಕುತ್ತಿದ್ದರು. 1989ರ ಒಂದು ಬೆಳಿಗ್ಗೆ ಅವರು ಏಳಲೇ ಇಲ್ಲ. ಕೆಸಿಎನ್‌ಜೆ2 ಜೀನ್‌ನಲ್ಲಿ ಇದರ ಮೂಲ ಪತ್ತೆಯಾದದ್ದು 2001ರಲ್ಲಿ. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಮಗಳ ವರದಿ ಜನವರಿಯಲ್ಲಿ ಬಂತು, ಅವಳಿಗೂ ಇದೆ. ಆ ದಿನ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಾನೇ ಕೊಟ್ಟೆ, ನಾನೇ ಕೊಟ್ಟೆ ಎಂದು ಗೋಡೆಗೆ ಹಣೆ ಚಚ್ಚಿಕೊಂಡೆ. ಅಕ್ಕ ಬಾಗಿಲು ತಟ್ಟಲಿಲ್ಲ. ಹೊರಗೆ ನೆಲದ ಮೇಲೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಾನು ಹೊರಬರುವವರೆಗೆ ಅವಳ ಕೂದಲು ಬಿಡಿಸಿ ಜಡೆ ಹೆಣೆಯುತ್ತಿದ್ದರು.

ಒಂದೇ ಮನೆಯಲ್ಲಿಯೂ ಇದು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಮಗಳಿಗೆ ಈವರೆಗೆ ಕೈಕಾಲು ಸೋತಿಲ್ಲ. ಹೃದಯದ ಬಡಿತವನ್ನು ದಿನವಿಡೀ ದಾಖಲಿಸುವ ಹೋಲ್ಟರ್ ಪರೀಕ್ಷೆಗಳು ನಡೆಯುತ್ತಿವೆ, ಶಾಲೆಗೆ ಹೋಗುತ್ತಿದ್ದಾಳೆ. ಅವಳು ನನ್ನ ಅಪ್ಪನಂತೆ ಕಾರಣ ತಿಳಿಯದೆ ಮಲಗುವವಳಲ್ಲ ಎಂಬುದು ನನಗೆ ದೊಡ್ಡ ಧೈರ್ಯ.

ಅಕ್ಕ, ಈ ವರ್ಷದ ಹಬ್ಬಕ್ಕೆ ನೀವು ನನ್ನನ್ನು ಒಲೆಯ ಮುಂದೆ ನಿಲ್ಲಲು ಬಿಡಲಿಲ್ಲ. ಒಬ್ಬಟ್ಟು ನಿಮ್ಮ ಮನೆಯಿಂದಲೇ ಬಂತು. ರಾತ್ರಿ ಏನೂ ಆಗಲಿಲ್ಲ. ಆದರೂ ಎರಡು ಗಂಟೆಗೆ ನೀವು ಸದ್ದಾಗದಂತೆ ಮೆಟ್ಟಿಲು ಹತ್ತಿ ಬಂದು, ಬಾಗಿಲ ಬಳಿ ಒಂದಷ್ಟು ಹೊತ್ತು ನಿಂತು ಹೋದದ್ದು ನನಗೆ ಕೇಳಿಸಿತು.