ಹಳೇ ದೋಣಿಗೆ ಮುಂಗಡ ಕೊಡುವ ಮುಂಚೆ

ಸಕಲೇಶಪುರ
ಸೆಪ್ಟೆಂಬರ್ 20

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದಗಳು.

ನೀನು ಕಳಿಸಿದ ಫೋಟೋಗಳನ್ನು ಮೂರು ಸಲ ನೋಡಿದೆ. ಮಲ್ಪೆಯ 14 ಅಡಿ ಫೈಬರ್ ದೋಣಿ, ಜೊತೆಗೊಂದು ಹಳೇ ಇಂಜಿನ್, ಎರಡೂ ಸೇರಿ 70,000 ರೂಪಾಯಿ. ರಿಪೇರಿಗೆ 30,000 ಸಾಕು ಅಂತ ಬರೆದಿದ್ದೀಯ. ನಿಮ್ಮಮ್ಮ ನಿನ್ನೆ ಫೋನ್ ಮಾಡಿ, "ಅಣ್ಣ, ನೀನಾದರೂ ಬೇಡ ಅಂತ ಹೇಳು" ಎಂದಳು. ನಾನು ಹಾಗೆ ಹೇಳುವುದಿಲ್ಲ. ಹೇಮಾವತಿ ಹಿನ್ನೀರಿನ ಮೇಲೆ ಸ್ವಂತ ದೋಣಿಯಲ್ಲಿ ಹೋಗಬೇಕು ಅನ್ನುವ ಆಸೆ ನನಗೂ ನಿನ್ನ ವಯಸ್ಸಿನಲ್ಲಿ ಇತ್ತು. ಆ ಆಸೆಯಲ್ಲಿ ತಪ್ಪೇನಿಲ್ಲ. ನಿನ್ನ ಲೆಕ್ಕದಲ್ಲಿ ಮಾತ್ರ ತಪ್ಪಿದೆ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಮೊದಲು ಹೇಳುತ್ತೇನೆ. 1996ರಲ್ಲಿ ನಾನು ಮತ್ತು ನನ್ನ ಸ್ನೇಹಿತ ಒಂದು ಹಳೇ ಫೈಬರ್ ದೋಣಿ ತಗೊಂಡಿದ್ದೆವು. 9,000ಕ್ಕೆ ಸಿಕ್ಕಿತು. ಹೊಸದಾಗಿ ನೀಲಿ ಬಣ್ಣ ಹೊಡೆದು ಫಳಫಳ ಅನ್ನಿಸಿದ್ದರು. ನಾವು ಬಣ್ಣ ನೋಡಿದೆವು, ಅಷ್ಟೇ. ಮೊದಲನೇ ಭಾನುವಾರ ಹಿನ್ನೀರಿಗೆ ಇಳಿಸಿದೆವು. ಸ್ನೇಹಿತನ ಒಂಬತ್ತು ವರ್ಷದ ಮಗನೂ ಜೊತೆಗಿದ್ದ. ದಡದಿಂದ ಸಾಕಷ್ಟು ದೂರ ಹೋದ ಮೇಲೆ ಇಂಜಿನ್ ಜೋರು ಮಾಡಿದೆ. ಹಿಂದೆ ಕರ್ ಅಂತ ಸದ್ದು. ತಿರುಗಿ ನೋಡಿದರೆ ಇಂಜಿನ್ ಕೂತಿದ್ದ ಹಿಂಬದಿ ಹಲಗೆ ನೆನೆದ ರಟ್ಟಿನ ಹಾಗೆ ಬಾಗಿತ್ತು. ಬೋಲ್ಟಿನ ತೂತಿಂದ ಕಪ್ಪು ನೀರು ಸೋರುತ್ತಿತ್ತು. ಇಂಜಿನ್ ಆರಿಸಿ, ಕೂರುವ ಹಲಗೆ ಕಿತ್ತು ಹುಟ್ಟು ಹಾಕಿಕೊಂಡು ದಡ ಸೇರುವಾಗ ನೀರು ನಮ್ಮ ಪಾದ ಮುಚ್ಚಿತ್ತು. ಆ ಹುಡುಗ ಅಳಲಿಲ್ಲ, ನನ್ನ ಅಂಗಿ ಹಿಡಿದುಕೊಂಡು ಕೂತಿದ್ದ. ಲೈಫ್ ಜಾಕೆಟ್ ಒಂದೂ ಇರಲಿಲ್ಲ. ಇವತ್ತಿಗೂ ಅದು ನೆನಪಾದರೆ ನನಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆಮೇಲೆ ಆ ದೋಣಿಗೆ 21,000 ಸುರಿದು, ಕೊನೆಗೆ 11,000ಕ್ಕೆ ಮಾರಿದೆವು.

ಹಾಗಾಗಿ ನಿನಗೆ ಹೇಳುವುದು ಇಷ್ಟು. ಬಣ್ಣ ನೋಡಬೇಡ, ಹಿಂಬದಿ ಹಲಗೆ ನೋಡು. ಅದಕ್ಕೆ ಟ್ರಾನ್ಸಮ್ ಅಂತಾರೆ. ಹೊರಗಿನಿಂದ ಪೂರ್ತಿ ಫೈಬರ್ ಅನ್ನಿಸಿದರೂ ಹೆಚ್ಚಿನ ಹಳೇ ದೋಣಿಗಳಲ್ಲಿ ಅದರ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನ ಸುತ್ತ ಅಂಟು ಬಿಟ್ಟರೆ ನೀರು ಒಳಗೆ ಹೋಗುತ್ತದೆ, ಹೋದ ನೀರು ಹೊರಗೆ ಬರುವುದಿಲ್ಲ. ಮರ ಒಳಗೊಳಗೇ ಕೊಳೆಯುತ್ತದೆ. ಸಣ್ಣ ಸುತ್ತಿಗೆಯಿಂದ ಅಂಗುಲ ಅಂಗುಲ ಬಿಡದೆ ಮೆಲ್ಲಗೆ ತಟ್ಟುತ್ತಾ ಹೋಗು. ಗಟ್ಟಿ ಇದ್ದರೆ ಟಣ್ ಅಂತ ಗಟ್ಟಿ ಸದ್ದು, ಕೊಳೆತಿದ್ದರೆ ದಬ್ ಅಂತ ಸತ್ತ ಸದ್ದು. ಹಲಸಿನ ಹಣ್ಣು ತಟ್ಟಿ ನೋಡಿದವನಿಗೆ ಈ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ ಅಲ್ವಾ? ಆಮೇಲೆ ಇಂಜಿನ್ನಿನ ಕೆಳಭಾಗ ಹಿಡಿದು ಮೇಲಕ್ಕೆ, ಕೆಳಕ್ಕೆ ಅಲ್ಲಾಡಿಸು. ಹಲಗೆ ಅದರ ಜೊತೆ ಉಸಿರಾಡಿದ ಹಾಗೆ ಕಂಡರೆ ಮಾತು ಮುಗಿಯಿತು. ಮಾರುವವರು ಒಪ್ಪಿದರೆ ಒಳಗಡೆಯಿಂದ, ತಳದ ಹತ್ತಿರ, ಒಂದು ಸಣ್ಣ ತೂತು ಕೊರೆದು ನೋಡು. ತಿಳಿ ಬಣ್ಣದ ಒಣ ಪುಡಿ ಬಂದರೆ ಸರಿ. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆಯ ಪುಡಿ ಬಂದರೆ ಹಲಗೆ ಪೂರ್ತಿ ಬದಲಾಯಿಸಬೇಕು. ಒಪ್ಪದಿದ್ದರೆ ಯಾಕೆ ಅಂತ ಕೇಳು.

ಟ್ರಾನ್ಸಮ್ ಒಂದೇ ಕೆಟ್ಟಿದ್ದರೆ ನಾನು ಹಿಂದೆ ಸರಿಯುವುದಿಲ್ಲ. ಒಳಗಿನ ಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ಕೆರೆದು, ನೀರು ತಡೆಯುವ ಮರೈನ್ ಪ್ಲೈ ಕೂರಿಸಿ ಮತ್ತೆ ಫೈಬರ್ ಕಟ್ಟಬಹುದು. ಅಂಗಡಿಯಲ್ಲಿ ಅದರ ಗುಣಮಟ್ಟದ ಗುರುತಾದ ಐಎಸ್ 710 ಮುದ್ರೆ ಇರುವುದನ್ನೇ ಕೇಳು, ಅಗ್ಗದ ಪ್ಲೈ ತರಬೇಡ. ಮ್ಯಾಟ್ ಅಂದರೆ ಗಾಜಿನ ನಾರಿನ ಹಾಸು, ರೆಸಿನ್ ಅಂದರೆ ಅದನ್ನು ನೆನೆಸಿ ಗಟ್ಟಿ ಮಾಡುವ ಅಂಟು. ಮ್ಯಾಟ್ ಎಷ್ಟು ಬೇಕೋ ಅದರ ಎರಡರಿಂದ ಎರಡೂವರೆ ಪಟ್ಟು ತೂಕದ ರೆಸಿನ್ ಬೇಕು. ಅಂದರೆ ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್ ಒಂದು ಚದರ ಮೀಟರ್ ಹಾಸಿದರೆ ಸುಮಾರು ಒಂದು ಕೆಜಿ ರೆಸಿನ್ ಕುಡಿಯುತ್ತದೆ, ಗಟ್ಟಿಯಾದ ಮೇಲೆ ಸುಮಾರು ಒಂದು ಮಿಲಿಮೀಟರ್ ದಪ್ಪ ಬರುತ್ತದೆ. ಒಂದು ಪದರ ಯಾವ ಮೂಲೆಗೂ ಸಾಲದು. ನಿನ್ನ 30,000ದಲ್ಲಿ ರೆಸಿನ್ ಎಷ್ಟು ಹಾಕಿದ್ದೀಯ, ಇನ್ನೊಂದು ಸಲ ನೋಡು.

ನೆಲದ ಕೆಳಗೆ ಉದ್ದಕ್ಕೆ ಓಡುವ ಪಟ್ಟಿಗಳೂ ಕೊಳೆತಿದ್ದರೆ, ತೇಲಲಿ ಅಂತ ತುಂಬಿದ ಫೋಮ್ ನೀರು ಕುಡಿದು ಭಾರವಾಗಿದ್ದರೆ, ಬಿಟ್ಟು ಬಾ. ಅಲ್ಲಿಗೆ ದೋಣಿಯ ಆಕಾರ ಮಾತ್ರ ಉಳಿದಿರುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ಓಡಾಡು, ಎಲ್ಲಾದರೂ ಮೆತ್ತಗೆ ಅನ್ನಿಸಿದರೆ ಗೊತ್ತಾಗುತ್ತದೆ.

ಇನ್ನು ಇಂಜಿನ್. ಅದು ಉಪ್ಪು ನೀರಿನಲ್ಲಿ ದುಡಿದದ್ದು. ಪ್ರತಿ ಸಲ ಸಿಹಿ ನೀರಿನಲ್ಲಿ ತೊಳೆಯದಿದ್ದರೆ ಒಳಗಿನ ದಾರಿಗಳಲ್ಲಿ ಉಪ್ಪು ಕಟ್ಟಿರುತ್ತದೆ. ನೀನು ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡು. ಬೆಚ್ಚಗಿದ್ದರೆ ನಿನಗಾಗಿ ಮುಂಚೆಯೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ ಅಂತ ಅರ್ಥ, ತಣ್ಣಗಾಗುವ ತನಕ ಕಾಯಿ. ಕೆಳಭಾಗವನ್ನು ನೀರಿನ ಡ್ರಮ್ಮಿನಲ್ಲಿ ಇಳಿಸಿಯೇ ಓಡಿಸಬೇಕು, ನೀರಿಲ್ಲದೆ ಓಡಿಸಿದರೆ ಇಂಜಿನ್ ತಂಪು ಮಾಡುವ ಪಂಪಿನೊಳಗೆ ತಿರುಗುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್, ಹಾಳಾಗುತ್ತದೆ. ಓಡುವಾಗ ಪಕ್ಕದ ಸಣ್ಣ ತೂತಿಂದ ಪಿಚಕಾರಿಯ ಹಾಗೆ ನೀರು ಚಿಮ್ಮುತ್ತಿರಬೇಕು. ಕೊನೆಗೆ ಕೆಳಗಿನ ಸ್ಕ್ರೂ ಬಿಚ್ಚಿಸಿ ಗೇರ್ ಆಯಿಲ್ ಸ್ವಲ್ಪ ಇಳಿಸು. ಅದು ಹಾಲು ಜಾಸ್ತಿಯಾದ ಕಾಫಿಯ ಬಣ್ಣಕ್ಕಿದ್ದರೆ ಸೀಲ್ ಹೋಗಿ ನೀರು ಒಳಗೆ ಸೇರಿದೆ. ನನ್ನ ಮನಸ್ಸಿಗೆ ಅನ್ನಿಸುವುದು, ಇಂಜಿನ್ ಬಿಟ್ಟು ಬರೀ ದೋಣಿಗೆ ಬೆಲೆ ಕೇಳು. ಮೊದಲ ವರ್ಷ ಹುಟ್ಟು ಹಾಕು. 14 ಅಡಿ ದೋಣಿಯನ್ನು ಇಬ್ಬರು ಸುಲಭವಾಗಿ ನಡೆಸಬಹುದು.

ಇಂಜಿನ್ ಹಾಕಿದರೆ ಕಾಗದಪತ್ರದ ಕೆಲಸವೂ ಇದೆ. 1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಇಂಜಿನ್ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಎಲ್ಲ ಅದರಲ್ಲಿ ಹೇಳಿದ್ದಾರೆ. ಜಲಾಶಯ ಕಾವೇರಿ ನೀರಾವರಿ ನಿಗಮದ ಕೈಯಲ್ಲಿದೆ, ದೋಣಿ ಇಳಿಸಲು ಅವರನ್ನು ಕೇಳಬೇಕು. ಇದನ್ನು ಮುಂಗಡ ಕೊಡುವ ಮುಂಚೆಯೇ ವಿಚಾರಿಸು.

ನಿನ್ನ ಲೆಕ್ಕದಲ್ಲಿ ಇಲ್ಲವೇ ಇಲ್ಲದ್ದು ಒಂದಿದೆ, ಅದು ಕಾಲ. ಇಲ್ಲಿ ಮಳೆ ಇನ್ನೂ ಬಿಟ್ಟಿಲ್ಲ, ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತದೆ. ಇಂಥ ತೇವದಲ್ಲಿ ಫೈಬರ್ ಕೆಲಸ ಮಾಡಿದರೆ ಪದರ ಸರಿಯಾಗಿ ಕಚ್ಚುವುದಿಲ್ಲ, ಬಿಳಿಚಿಕೊಳ್ಳುತ್ತದೆ. ನವೆಂಬರ್ ತನಕ ಕಾಯಬೇಕು. ನೀನು ಹಾಸನದಲ್ಲಿ ಕೆಲಸ ಮಾಡಿಕೊಂಡು ಬರೀ ಭಾನುವಾರ ಕೂತರೆ ಮುಗಿಯುವುದು ಫೆಬ್ರವರಿ, ಮಾರ್ಚ್ ಆದೀತು. ಅಷ್ಟೊತ್ತಿಗೆ ಗೊರೂರಿನ ಹೇಮಾವತಿ ಅಣೆಕಟ್ಟಿನಲ್ಲಿ ನೀರು ಇಳಿಯುತ್ತಿರುತ್ತದೆ. ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಆಗ ಹಿನ್ನೀರಿನ ದಡದ ಪಾಳುಬಿದ್ದ ಶೆಟ್ಟಿಹಳ್ಳಿ ಚರ್ಚಿನ ಗೋಡೆಗಳು ನೀರಿನಲ್ಲಿ ನಿಂತಿರುತ್ತವೆ. ಬೇಸಿಗೆಯಲ್ಲಿ ಅದೇ ಚರ್ಚಿನೊಳಗೆ ನಡೆದುಕೊಂಡು ಹೋಗುತ್ತೇವೆ. ನೀರಿನ ಅಂಚಿಗೆ ಹೋಗಲು ಎಷ್ಟೋ ದೂರ ಕೆಸರು. ಆ ಕೆಸರಿನಲ್ಲಿ ದೋಣಿ ಎಳೆಯಲು ಆಗುವುದಿಲ್ಲ, ಇಳಿದ ನೀರಿನಲ್ಲಿ ಮುಳುಗಿದ ಹಳೇ ಊರಿನ ಕಲ್ಲು, ಮರದ ಬುಡಗಳು ಬೇರೆ. ಹಾಗಾಗಿ ನೀನು ನಿಜವಾಗಿ ನೀರಿಗಿಳಿಯುವುದು ಮುಂದಿನ ವರ್ಷದ ಮಳೆಗಾಲ ಮುಗಿದ ಮೇಲೆ. ಅಲ್ಲಿಯ ತನಕ ದೋಣಿ ಎಲ್ಲಿಡುತ್ತೀಯ? ಮೇಲೆ ಶೀಟು, ಕೆಳಗೆ ಮರದ ತುಂಡು, ಶಿರಾಡಿ ಘಾಟಿ ಹತ್ತಿಸುವ ಗಾಡಿ ಬಾಡಿಗೆ, ಇವೆಲ್ಲ ಬರೆದುಕೋ. ನಾವು ಆ ನೀಲಿ ದೋಣಿಯ ರಿಪೇರಿಗೆ ಅಂದಾಜು ಹಾಕಿದ್ದು 10,000. ಅದು ಎರಡರಷ್ಟಕ್ಕಿಂತ ಜಾಸ್ತಿಯಾಯಿತು, ದಿನಗಳೂ ಹಾಗೇ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಪುಟ್ಟ. ನಿನಗೆ ಬೇಕಿರುವುದು ನೀರೋ, ಕೆಲಸವೋ? ಬೆಳಗ್ಗೆ ಮಂಜಿನಲ್ಲಿ ಹಿನ್ನೀರಿನ ಮೇಲೆ ಸುಮ್ನೆ ಕೂರಬೇಕು ಅಂತಿದ್ದರೆ ಹರಿಗೋಲು ಓಡಿಸುವವರು ಇದ್ದಾರೆ, ವರ್ಷವಿಡೀ ವಾರಕ್ಕೊಮ್ಮೆ ಕೂತರೂ ಈ ಲೆಕ್ಕಕ್ಕೆ ಮುಟ್ಟಲಾರದು. ಕೊಳೆತದ್ದನ್ನು ಕೈಯಾರೆ ಕೆರೆದು ಹೊಸದು ಮಾಡುವ ಕೆಲಸವೇ ನಿನಗೆ ಖುಷಿ ಅಂತಿದ್ದರೆ ಮಾಡು. ಆದರೆ ಆ ಹಣ ವಾಪಸ್ ಬರುವ ಹಣ ಅಂದುಕೊಳ್ಳಬೇಡ. ಅಂಗಡಿಗೆ ಅಂತ ತೆಗೆದಿಟ್ಟ ದುಡ್ಡು ಮುಟ್ಟಬೇಡ, ಸಾಲವಂತೂ ಬೇಡವೇ ಬೇಡ. ದೋಣಿಗೂ ಮುಂಚೆ ನಾಲ್ಕು ಒಳ್ಳೇ ಲೈಫ್ ಜಾಕೆಟ್ ಕೊಂಡುಕೋ. ಆ ಲೆಕ್ಕ ಮೊದಲನೇ ಸಾಲಿನಲ್ಲಿರಲಿ.

ಮುಂಗಡ ಕೊಡಬೇಡ. ಮಲ್ಪೆಗೆ ಯಾವ ದಿನ ಹೋಗುತ್ತೀಯ ಅಂತ ತಿಳಿಸು, ಬೆಳಗ್ಗೆ ಆರಕ್ಕೆ ಬಸ್ ಸ್ಟ್ಯಾಂಡ್ ಹತ್ತಿರ ನಿಂತಿರುತ್ತೇನೆ, ಹತ್ತಿಸಿಕೋ. ನಿಮ್ಮತ್ತೆ ಕಡುಬು ಕಟ್ಟಿಕೊಡುತ್ತಾಳೆ. ಸುತ್ತಿಗೆ, ಟಾರ್ಚು ನಾನು ತರುತ್ತೇನೆ. ಡ್ರಿಲ್ ನಿನ್ನ ಹತ್ತಿರ ಇದೆಯಲ್ಲ, ಚಾರ್ಜ್ ಮಾಡಿಟ್ಟುಕೋ.

ನಿನ್ನ ಪ್ರೀತಿಯ
ಮಾವ