ಕಡಲ ತೀರದಲ್ಲಿ ಪುಟ್ಟ ಮಕ್ಕಳಿಗೂ ಜಾಗ ಇರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬರುತ್ತಿದೆ. ಬಯಲುಸೀಮೆಯ ನಮ್ಮಂಥವರು ಮಕ್ಕಳು ಮರಿ ಕಟ್ಟಿಕೊಂಡು ಕಡಲ ಕಡೆ ಹೊರಡುವ ಕಾಲ. ಅಷ್ಟರೊಳಗೆ ನಮ್ಮ ಕರಾವಳಿಯ ಬೀಚುಗಳಲ್ಲಿ ಆಗಬೇಕಾದ ಕೆಲವು ಕೆಲಸಗಳಿವೆ. ದೊಡ್ಡ ಯೋಜನೆಗಳೇನಲ್ಲ, ಸಣ್ಣ ಮಕ್ಕಳ ತಂದೆತಾಯಿಗೆ ತಕ್ಷಣ ಕಣ್ಣಿಗೆ ಬೀಳುವಂಥವು.

ಸಂಕ್ರಾಂತಿ ಮುಗಿಸಿಕೊಂಡು ನಾವು ಹೊನ್ನಾವರಕ್ಕೆ ಹೋಗಿದ್ದೆವು. ನಾನು, ನಮ್ಮ ಯಜಮಾನರು, ಅತ್ತೆ, ಆರು ವರ್ಷದ ಮಗಳು, ಮೂರು ತುಂಬದ ಮಗ. ಊರೂರು ಸುತ್ತುವ ಪ್ರವಾಸ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಗೋಕರ್ಣ, ಮುರುಡೇಶ್ವರ, ಕೊಲ್ಲೂರು ಎಲ್ಲವನ್ನೂ ಒಂದೇ ಉಸಿರಿಗೆ ಮುಗಿಸಲು ಹೋದರೆ ಮಕ್ಕಳು ಕಾರಿನಲ್ಲೇ ಹೈರಾಣಾಗುತ್ತಾರೆ. ಗೇರುಸೊಪ್ಪ ಘಾಟಿ ಇಳಿಯುವಾಗಲೇ ಇಬ್ಬರೂ ವಾಂತಿ ಮಾಡಿಕೊಂಡಿದ್ದರು. ಅತ್ತೆಯ ಆಸೆಗೆ ಇಡಗುಂಜಿ ಒಂದನ್ನು ಉಳಿಸಿಕೊಂಡೆವು. ಉಳಿದಂತೆ ಮಕ್ಕಳು ಮರಳಲ್ಲಿ ಆಡಲಿ, ನಾವು ಪಕ್ಕದಲ್ಲಿ ಕೂತಿರೋಣ, ಅಷ್ಟೇ.

ಹೊನ್ನಾವರದ ಪಕ್ಕದ ಕಾಸರಕೋಡಿನ ಇಕೋ ಬೀಚಿನಲ್ಲಿ ಅದು ನಿಜಕ್ಕೂ ಸಾಧ್ಯವಾಯಿತು. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ದೇಶದ ಎಂಟು ಬೀಚುಗಳಲ್ಲಿ ಅದೂ ಒಂದು. ನಮ್ಮ ರಾಜ್ಯದ್ದೇ ಇನ್ನೊಂದು ಪಡುಬಿದ್ರಿ. ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವ ಈ ಮಾನ್ಯತೆಗೆ 33 ಷರತ್ತುಗಳಿವೆ. ನೀರಿನ ಪರೀಕ್ಷೆ, ಶೌಚಾಲಯ, ಪ್ರಥಮ ಚಿಕಿತ್ಸೆ, ಜೀವರಕ್ಷಕರು, ಹೀಗೆ. ಒಮ್ಮೆ ಕೊಟ್ಟರೆ ಮುಗಿಯಿತು ಅಂತಲೂ ಇಲ್ಲ, ವರ್ಷ ವರ್ಷ ಮತ್ತೆ ಪಡೆಯಬೇಕು. ಕಾಗದದ ಮೇಲೆ ಓದುವಾಗ ಇದೆಲ್ಲ ಒಣ ಸಂಗತಿ. ಮೈತುಂಬ ಮರಳು ಮೆತ್ತಿಕೊಂಡು ಅಳುವ ಮಗುವನ್ನು ಎತ್ತಿಕೊಂಡು ನಿಂತಾಗ ಸಿಹಿನೀರಿನ ಒಂದು ನಲ್ಲಿ ಎಂಥ ದೊಡ್ಡ ಉಪಕಾರ ಅಂತ ಗೊತ್ತಾಗುತ್ತದೆ. ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ ಇತ್ತು. ಗಾಳಿಮರಗಳ ನೆರಳಲ್ಲಿ ಅತ್ತೆ ಕಾಲು ಚಾಚಿ ಕೂತರು. ಮಗಳು ಪುಟ್ಟ ಏಡಿಗಳ ಬಿಲ ಹುಡುಕುತ್ತ ಅಲ್ಲೇ ಬಗ್ಗಿರುತ್ತಿದ್ದಳು. ಬಿಲದ ಬಾಯಿಯ ಸುತ್ತ ಏಡಿ ಸಾಸಿವೆ ಕಾಳಿನಂಥ ಮರಳ ಉಂಡೆಗಳನ್ನು ಹರಡಿರುತ್ತದೆ. ಅವಳು ಉಸಿರು ಬಿಗಿಹಿಡಿದು ಕಾಯುವುದು, ಅದು ಇಣುಕುವುದು, ಇವಳು ಅಲುಗಾಡಿದರೆ ಸರಕ್ಕನೆ ಒಳಗೆ! ಆ ಆಟ ಮುಗಿಯುವಂಥದ್ದಲ್ಲ. ನಾನು ಎಷ್ಟೋ ಕಾಲದ ಮೇಲೆ ಗಡಿಯಾರ ನೋಡದೆ ಕೂತಿದ್ದೆ.

ಅಲ್ಲಿನ ಜೀವರಕ್ಷಕ ಹುಡುಗನೊಬ್ಬ ಹೇಳಿದ ಮಾತನ್ನು ಎಲ್ಲರಿಗೂ ತಿಳಿಸಬೇಕು. "ಅಕ್ಕಾ, ಎರಡು ಕಡೆ ತೆರೆ ಒಡೀತಾ ಇದ್ದು, ನಡುವೆ ಮಾತ್ರ ನೀರು ಸುಮ್ನೆ ಕಾಣ್ತದಲ್ಲ, ಅಲ್ಲಿ ಇಳಿಬೇಡಿ" ಅಂದ. ನಾವು ಅಂಥ ಜಾಗವೇ ಮಕ್ಕಳಿಗೆ ವಾಸಿ ಅಂದುಕೊಳ್ಳುತ್ತೇವೆ, ಅಲ್ವಾ? ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ನುಗ್ಗುವುದು ಅಂಥ ದಾರಿಯಲ್ಲೇ. ದೊಡ್ಡವರನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆಗೆ ಹೆಣಗಬಾರದು, ದಡದ ಉದ್ದಕ್ಕೆ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು. ಭದ್ರಾ ಕಾಲುವೆ, ಸೂಳೆಕೆರೆ ನೋಡಿ ಬೆಳೆದ ನಮಗೆ ಇದನ್ನು ಯಾರು ಹೇಳಿಕೊಟ್ಟಿದ್ದಾರೆ? 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಕಡಲ ಪಾಲಾದ ನಾಲ್ವರು ಹೆಣ್ಣುಮಕ್ಕಳು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದವರು. ಆ ಸುದ್ದಿ ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ.

ಮರುದಿನ ಸಂಜೆ ಇನ್ನೊಂದು ಬೀಚಿಗೆ ಹೋದೆವು. ಹೆಸರು ಬೇಡ. ಮರಳು ಅಷ್ಟೇ ಚೆನ್ನಾಗಿತ್ತು, ಕಡಲು ಇನ್ನೂ ಚೆನ್ನಾಗಿತ್ತು. ಆದರೆ ಮಕ್ಕಳು ಗೂಡು ಕಟ್ಟುತ್ತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಜೀಪೊಂದು ಮರಳೆರಚುತ್ತ ಗಿರಗಿರ ತಿರುಗುತ್ತಿತ್ತು. ಕೆಂಪು ಬಾವುಟ ನೆಟ್ಟಿದ್ದರು. ಅದರ ಅರ್ಥ ಏನು ಅಂತ ಹೇಳುವ ಒಂದು ಬೋರ್ಡೂ ಇರಲಿಲ್ಲ. ಬಾವುಟದ ಬುಡದಲ್ಲೇ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು, ಪಕ್ಕದಲ್ಲೇ ನೀರಿಗಿಳಿಯುತ್ತಿದ್ದರು. ಶೌಚಾಲಯಕ್ಕೆ ಬೀಗ. ಕೂಸಿಗೆ ಹಾಲು ಕೊಡಬೇಕಿದ್ದ ತಾಯಿಯೊಬ್ಬಳು ಕಾರಿನ ಕಿಟಕಿಗೆ ಟವೆಲ್ ಸಿಕ್ಕಿಸಿಕೊಂಡು ಸೆಖೆಯಲ್ಲಿ ಒಳಗೆ ಕೂತಿದ್ದಳು. ನಾನು ಮಗನ ಕೈ ಬಿಡಲೇ ಇಲ್ಲ. ಅವನು ಆಡಲೂ ಇಲ್ಲ. ಬೇಗನೆ ಎದ್ದು ಬಂದುಬಿಟ್ಟೆವು.

ನಮ್ಮ ಕರಾವಳಿ ಸುಮಾರು 320 ಕಿಲೋಮೀಟರ್ ಉದ್ದ ಇದೆ. ಎಲ್ಲ ಕಡೆಯೂ ಬ್ಲೂ ಫ್ಲ್ಯಾಗ್ ಬರಲಿ ಅಂತ ನಾನು ಕೇಳುತ್ತಿಲ್ಲ. ಆದರೆ ಜನ ಸೇರುವ ಪ್ರತಿ ಬೀಚಿನಲ್ಲೂ ಮರಳಿನ ಮೇಲೆ ವಾಹನ ಬಿಡುವುದನ್ನು ಮೊದಲು ನಿಲ್ಲಿಸಲಿ. ಮರಳಲ್ಲಿ ಕೂತ ಮೂರು ವರ್ಷದ ಮಗು ಜೀಪಿನ ಡ್ರೈವರಿಗೆ ಕಾಣುವುದೇ ಇಲ್ಲ. ನೀರಿಗಿಳಿಯುವ ಜಾಗ ಇಷ್ಟೇ ಅಂತ ಕೆಂಪು ಹಳದಿ ಬಾವುಟ ನೆಟ್ಟು ಗುರುತು ಮಾಡಲಿ, ಆ ನಡುವೆಯಾದರೂ ಕಣ್ಣಿಡಲು ಜೀವರಕ್ಷಕರು ಇರಲಿ. ಸಂಬಳ ಸರಿಯಾಗಿ ಕೊಟ್ಟರೆ ಈಜು ಬಲ್ಲ ಮೀನುಗಾರರ ಮಕ್ಕಳು ಆಯಾ ಊರಲ್ಲೇ ಸಿಗುತ್ತಾರೆ. ಕಡಲನ್ನು ಅವರಷ್ಟು ಬಲ್ಲವರು ಬೇರೆ ಯಾರು? ನೆರಳಿಗೆ ತೆಂಗಿನ ಗರಿಯ ಚಪ್ಪರ ಸಾಕು, ಕಾಂಕ್ರೀಟ್ ಬೇಡ. ನೆರಳಿಲ್ಲದಿದ್ದರೆ ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಮಕ್ಕಳನ್ನು ಬೆಳಗ್ಗೆ ಒಂಬತ್ತರ ಮೇಲೆ, ಸಂಜೆ ನಾಲ್ಕರ ಮುಂಚೆ ಅಲ್ಲಿಗೆ ಕರೆದೊಯ್ಯುವಂತೆಯೇ ಇಲ್ಲ. ಹಾಲೂಡಿಸುವ ತಾಯಂದಿರಿಗೆ ಒಂದು ಮರೆ ಬೇಕು. ಬಸ್ ನಿಲ್ದಾಣಗಳಲ್ಲಿ ಮಾಡಿರುವುದನ್ನು ಬೀಚಿನಲ್ಲಿ ಯಾಕೆ ಮಾಡಬಾರದು?

ಬೋರ್ಡುಗಳನ್ನಂತೂ ಈ ತಿಂಗಳೇ ಹಾಕಿಸಬಹುದು. ದೊಡ್ಡ ಕನ್ನಡ ಅಕ್ಷರ, ಓದು ಬಾರದವರಿಗೆ ಚಿತ್ರ. ಕೆಂಪು ಬಾವುಟ ಇದ್ದರೆ ನೀರಿಗಿಳಿಯಬೇಡಿ, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಸೆಳೆತಕ್ಕೆ ಸಿಕ್ಕರೆ ದಡದ ಉದ್ದಕ್ಕೆ ಈಜಿ. ಇಷ್ಟು ಬರೆದರೆ ಸಾಕು. ಬೀಚಿನಲ್ಲಿ ಮಾತ್ರವಲ್ಲ, ಘಾಟಿ ಇಳಿದ ಮೇಲೆ ಪ್ರವಾಸಿ ಬಸ್ಸುಗಳು ಚಹಾಕ್ಕೆ ನಿಲ್ಲುವ ಕಡೆಯೂ ಹಾಕಲಿ. ಶಾಲೆ ಮಕ್ಕಳ ಬಸ್ಸುಗಳೂ ಅಲ್ಲೇ ನಿಲ್ಲುತ್ತವೆ. ಪ್ರವಾಸೋದ್ಯಮ ಇಲಾಖೆಯವರು, ಕರಾವಳಿಯ ಮೂರೂ ಜಿಲ್ಲಾಡಳಿತದವರು ದಯವಿಟ್ಟು ರಜೆ ಶುರುವಾಗುವ ಮೊದಲೇ ಇದನ್ನು ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ,
ಇಬ್ಬರು ಮಕ್ಕಳ ತಾಯಿ, ದಾವಣಗೆರೆ